ಇಳಿಯುವ ವಿದ್ಯೆ

ಏರುವವರನ್ನು ಹೊಗಳುವುದು ಲೋಕದ ರೂಢಿ. ಮಾಸ್ತರರು ಹುಡುಗನ ಬೆನ್ನು ತಟ್ಟಿ 'ಮೇಲೆ ಬಾ' ಎಂದು ಹರಸುತ್ತಾರೆ. 'ಕೆಳಗೆ ಇಳಿ' ಎಂದು ಹರಸಿದವರನ್ನು ನಾನು ಕಾಣೆ. ನೌಕರಿಯಲ್ಲಿ ಏರಿದವನಿಗೆ ಹಾರ, ಇಳಿದವನಿಗೆ ಅನುಕಂಪ. ಧಾರಣೆ ಏರಿದರೆ ಮಾರುವವನಿಗೆ ಸುಖ, ಹೊಳೆ ಏರಿದರೆ ಪತ್ರಿಕೆಯವನಿಗೆ ಸುದ್ದಿ. ಇಳಿಯುವುದೆಂದರೆ ಏನನ್ನೋ ಕಳೆದುಕೊಂಡಂತೆ ಎಂಬ ಭಾವನೆ ನಮ್ಮ ಮಾತಿನಲ್ಲಿಯೇ ಹುದುಗಿದೆ. ಇಳಿಗಾಲ, ಇಳಿವಯಸ್ಸು, ಇಳಿಮುಖ - ಇವುಗಳಲ್ಲಿ ಒಂದಾದರೂ ಮಂಗಳಕರವಾದ ಶಬ್ದವಿದೆಯೇ ನೋಡಿರಿ.

ಆದರೆ ಇಳಿಯುವುದೂ ಒಂದು ವಿದ್ಯೆ. ಏರುವ ವಿದ್ಯೆಗಿಂತ ಕಠಿಣವಾದ ವಿದ್ಯೆ. ಬೇವಿನ ಮರವನ್ನು ಸರಸರನೆ ಏರಿದ ಹುಡುಗ ಇಳಿಯಲಾರದೆ ಟೊಂಗೆಯನ್ನು ತಬ್ಬಿಕೊಂಡು ಅಳುವುದನ್ನು ಎಲ್ಲರೂ ಕಂಡಿದ್ದೇವೆ. ಬೆಕ್ಕಿನ ಪಾಡೂ ಅದೇ. ನನ್ನ ಬಾಲ್ಯ ಕಳೆದದ್ದು ಮುದ್ದೇಬಿಹಾಳ ತಾಲೂಕಿನ ಒಂದು ಹಳ್ಳಿಯಲ್ಲಿ. ಸುಗ್ಗಿಯಲ್ಲಿ ಜೋಳದ ಚೀಲ ಹೇರಿದ ಬಂಡಿ ಹಳ್ಳ ದಾಟಿ ಊರಿಗೆ ಬರಬೇಕು. ಹಳ್ಳದಿಂದ ಮೇಲಕ್ಕೆ ಏರುವಾಗ ದೊಡ್ಡ ಗದ್ದಲ: ಬಾರುಕೋಲು, ಕೂಗು, ಹಿಂದಿನಿಂದ ನಾಲ್ಕು ಜನರ ಹೆಗಲು. ಹಳ್ಳಕ್ಕೆ ಇಳಿಯುವಾಗ ಮಾತ್ರ ಎಲ್ಲರೂ ಮೌನ. ಬಂಡಿ ಹೊಡೆಯುವವನು ಕೆಳಗಿಳಿದು ಎತ್ತುಗಳ ಮುಂದೆ ನಿಂತು ಮೂಗುದಾಣ ಹಿಡಿಯುತ್ತಿದ್ದ. ಎತ್ತುಗಳು ಕತ್ತನ್ನು ಹಿಂದಕ್ಕೆ ಸೆಳೆದು, ಹೆಜ್ಜೆಯ ಮೇಲೆ ಹೆಜ್ಜೆಯನ್ನು ಊರಿ ಭಾರವನ್ನು ತಡೆಯುತ್ತಿದ್ದವು. 'ಏರಿಗೆ ಎತ್ತು ಇದ್ರ ಸಾಕು, ಇಳಕಲಿಗೆ ಬುದ್ಧಿ ಬೇಕು' ಎಂದು ನಮ್ಮ ಮನೆಯ ಆಳು ಹೇಳುತ್ತಿದ್ದ. ಆ ಮಾತಿನ ಪೂರ್ಣಾರ್ಥ ನನಗೆ ಹೊಳೆದದ್ದು ಬಹಳ ವರುಷಗಳ ಮೇಲೆ, ನಮ್ಮ ದೇಶದ ಯಂತ್ರವೊಂದು ಚಂದ್ರನ ಮೇಲೆ ಇಳಿಯಲು ಹೊರಟಾಗ.

ಶ್ರೀಹರಿಕೋಟೆಯಿಂದ ರಾಕೆಟ್ಟು ಬೆಂಕಿ ಉಗುಳುತ್ತ ಮೇಲೆದ್ದು ಹೋಗುವುದು ಕಣ್ಣಿಗೆ ಹಬ್ಬ. ಜನ ಚಪ್ಪಾಳೆ ತಟ್ಟುತ್ತಾರೆ, ಮಕ್ಕಳು ಕುಣಿಯುತ್ತವೆ. ನನಗೂ ಅದು ಚೆಂದವೇ. ಆದರೆ ಎದೆ ಡವಗುಟ್ಟುವುದು ಏರುವಾಗ ಅಲ್ಲ. 2019ರ ಸೆಪ್ಟೆಂಬರ್ 7ರ ಮುಂಜಾವದಲ್ಲಿ, ಇನ್ನೂ ಎರಡು ಗಂಟೆ ಹೊಡೆಯುವ ಮೊದಲು, ಚಂದ್ರಯಾನ-2ರ ವಿಕ್ರಮ ಎಂಬ ಇಳಿಬಂಡಿ ಚಂದ್ರನಿಗೆ ಇಳಿಯುತ್ತಿದ್ದುದನ್ನು ನೋಡಲು ದೇಶಕ್ಕೆ ದೇಶವೇ ಎಚ್ಚರವಾಗಿತ್ತು. ಪರದೆಯ ಮೇಲೆ ಹಸಿರು ಚುಕ್ಕೆಯೊಂದು ಗೆರೆಯ ಜೊತೆಜೊತೆಗೆ ಇಳಿಯಿತು. ಇಳಿಯುತ್ತ ಇಳಿಯುತ್ತ ಗೆರೆಯನ್ನು ಬಿಟ್ಟು ಸರಿಯಿತು. ನೆಲಕ್ಕೆ ಎರಡು ಕಿಲೋಮೀಟರಿನಷ್ಟು ಮೇಲೆ ಇದ್ದಾಗ ಮಾತು ನಿಂತುಹೋಯಿತು. ವಿಜ್ಞಾನಿಗಳು ಒಬ್ಬರ ಮುಖವನ್ನು ಒಬ್ಬರು ನೋಡಿದರು. ಏನಾಯಿತೆಂದು ಯಾರೂ ಹೇಳಲಿಲ್ಲ, ಯಾರೂ ಹೇಳುವ ಅವಶ್ಯಕತೆಯೂ ಇರಲಿಲ್ಲ. ನಾಲ್ಕು ಲಕ್ಷ ಕಿಲೋಮೀಟರಿಗೆ ತುಸು ಕಡಿಮೆಯ ದಾರಿಯನ್ನು ಸವೆಸಿದ ಬಂಡಿ ಮನೆಯ ಹೊಸ್ತಿಲಲ್ಲಿ ಮುಗ್ಗರಿಸಿತ್ತು.

ಯಾಕೆ ಹೀಗಾಯಿತೆಂಬುದನ್ನು ಆಮೇಲೆ ತಜ್ಞರು ವಿವರಿಸಿದರು. ವೇಗವನ್ನು ತಡೆಯುವ ಎಂಜಿನುಗಳು ಎಣಿಸಿದ್ದಕ್ಕಿಂತ ತುಸು ಹೆಚ್ಚು ಬಲ ಕೊಟ್ಟವು. ತಪ್ಪುಗಳು ಒಂದರ ಮೇಲೊಂದು ಕೂಡಿಕೊಂಡವು. ಅದನ್ನು ಸರಿಪಡಿಸಿಕೊಳ್ಳಲು ಬಂಡಿಗೆ ಬೇಕಾದಷ್ಟು ಚುರುಕಾಗಿ ತಿರುಗಲು ಬರಲಿಲ್ಲ. ಇಳಿಯಬೇಕಾದ ಜಾಗವೂ ಅರ್ಧ ಕಿಲೋಮೀಟರು ಉದ್ದ, ಅರ್ಧ ಕಿಲೋಮೀಟರು ಅಗಲದ ಒಂದು ಚಿಕ್ಕ ಹೊಲದಷ್ಟು. ಅಲ್ಲಿಗೇ ಹೋಗಿ ತಲುಪಬೇಕೆಂಬ ಹಟ ಬೇರೆ. ಇದನ್ನು ಓದಿದಾಗ ನನಗೆ ನಮ್ಮ ಹಳ್ಳದ ಇಳಕಲು ನೆನಪಾಯಿತು. ಅಲ್ಲಿಯೂ ಬಂಡಿ ಮಗುಚುತ್ತಿದ್ದುದು ತಡೆ ಸಾಲದೆ ಮಾತ್ರ ಅಲ್ಲ. ಒಂದು ಎತ್ತು ಅಳತೆ ಮೀರಿ ತಡೆದರೂ ಬಂಡಿ ಅಡ್ಡ ತಿರುಗುತ್ತಿತ್ತು.

ಮುಂದಿನ ನಾಲ್ಕು ವರುಷ ಬೆಂಗಳೂರಿನ ಆ ಜನ ಮಾಡಿದ ಕೆಲಸವನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ. ಹೊಸ ಬಂಡಿಯ ಕಾಲುಗಳನ್ನು ಗಟ್ಟಿ ಮಾಡಿದರು. ಐದು ಎಂಜಿನುಗಳಿದ್ದಲ್ಲಿ ನಾಲ್ಕನ್ನು ಇಟ್ಟರು. ಇಂಧನ ಹೆಚ್ಚಿಸಿದರು. ನೆಲದ ಸಾಪೇಕ್ಷವಾಗಿ ವೇಗವನ್ನು ನೇರವಾಗಿ ಅಳೆಯುವ ಲೇಸರ್ ಉಪಕರಣವೊಂದನ್ನು ಸೇರಿಸಿದರು. ಇಳಿಯುವ ಜಾಗವನ್ನು ನಾಲ್ಕು ಕಿಲೋಮೀಟರಿಗೆ ಎರಡೂವರೆಯಷ್ಟು ವಿಶಾಲ ಮಾಡಿಕೊಂಡರು. ಏನೇನು ಸರಿಹೋಗಬೇಕು ಎಂದು ಯೋಚಿಸುವ ಬದಲು ಏನೇನು ಕೆಡಬಹುದು ಎಂದು ಯೋಚಿಸಿ, ಅದೆಲ್ಲ ಕೆಟ್ಟರೂ ಇಳಿಯುವಂಥ ಬಂಡಿಯನ್ನು ಕಟ್ಟಿದರು. ಸಂಸಾರಸ್ಥರಿಗೆ ಈ ರೀತಿಯ ಯೋಚನೆಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಹೆಣ್ಣುಮಕ್ಕಳ ಮದುವೆಯ ಅಡಿಗೆಯನ್ನು ಹವಣಿಸುವವರೆಲ್ಲ ಇದೇ ತತ್ತ್ವದವರು.

ಈ ಸಾಧನೆಯ ಹಿಂದೆ ಮಣ್ಣಿನ ಕೆಲಸವೂ ಇತ್ತು ಎಂಬುದು ನನಗೆ ಹಿತವಾದ ಸಂಗತಿ. ಚಳ್ಳಕೆರೆಯ ಹತ್ತಿರ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿ, ಬಂಡಿಯ ಕಣ್ಣುಗಳು ಅವನ್ನು ಗುರುತಿಸುತ್ತವೆಯೇ ಎಂದು ಪರೀಕ್ಷಿಸಿದ್ದರು. ತಮಿಳುನಾಡಿನ ಸಿತಂಪೂಂಡಿಯಿಂದ ಚಂದ್ರನ ಕಲ್ಲನ್ನು ಹೋಲುವ ಬಿಳಿಗಲ್ಲು ತಂದು, ಪುಡಿ ಮಾಡಿ, ಬೆಂಗಳೂರಿನಲ್ಲಿ ಹರವಿ, ಅದರ ಮೇಲೆ ಪುಟ್ಟ ಗಾಡಿಯನ್ನು ಓಡಿಸಿ ನೋಡಿದ್ದರು. ಚಂದ್ರನನ್ನು ಮುಟ್ಟಬೇಕಾದರೆ ಮೊದಲು ಚಳ್ಳಕೆರೆಯ ಕುರಿ ಮೇಯುವ ಕಾವಲಿನಲ್ಲಿ ಗುದ್ದಲಿ ಹಿಡಿಯಬೇಕು.

2023ರ ಆಗಸ್ಟ್ 23, ಬುಧವಾರ. ನಾಗರ ಪಂಚಮಿ ಮುಗಿದು ಎರಡು ದಿನವಾಗಿತ್ತು. ನಾನು ಸಿಂದಗಿಯಲ್ಲಿ ತಂಗಿಯ ಮನೆಯಲ್ಲಿದ್ದೆ. ಹಬ್ಬದ ಉಂಡಿ ಡಬ್ಬಿಯಲ್ಲಿ ಇನ್ನೂ ಉಳಿದಿದ್ದವು; ಜೋಕಾಲಿಯ ಹಗ್ಗ ಬೇವಿನ ಮರದಲ್ಲಿ ಹಾಗೆಯೇ ತೂಗುತ್ತಿತ್ತು. ಆದರೆ ಮಳೆಯಿಲ್ಲದ ಶ್ರಾವಣಕ್ಕೆ ಕಳೆ ಎಲ್ಲಿಂದ ಬಂದೀತು? ಇಂಡಿಯಿಂದ ಬರುವ ದಾರಿಯುದ್ದಕ್ಕೂ ಎರೆಹೊಲ ಬಾಯಿ ಬಿಟ್ಟದ್ದನ್ನು, ತೊಗರಿ ಮೊಣಕಾಲಿಗೂ ಏರದೆ ಬಾಡಿದ್ದನ್ನು ನಾನು ಕಂಡಿದ್ದೆ. ದೇಶದಲ್ಲಿ 1901ರಿಂದ ಲೆಕ್ಕ ಇಟ್ಟಂದಿನಿಂದ ಅಷ್ಟು ಒಣ ಆಗಸ್ಟು ಬಂದಿರಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಸಾಯಂಕಾಲ ಐದೂವರೆಗೆ ಮನೆಯಲ್ಲಿ ವಿದ್ಯುತ್ತು ಹೋಯಿತು. ಟೀವಿಯ ಮುಂದೆ ಸಾಲಾಗಿ ಕುಳಿತಿದ್ದ ಮಕ್ಕಳೆಲ್ಲ ಒಮ್ಮೆಗೇ 'ಅಯ್ಯೋ' ಎಂದವು. ಕೊನೆಗೆ ಓಣಿಯ ತುದಿಯ ಕಿರಾಣಿ ಅಂಗಡಿಗೆ ಮೆರವಣಿಗೆ ಹೊರಟಿತು. ಅಂಗಡಿಯವನು ಸಕ್ಕರೆಯ ಡಬ್ಬಿಗೆ ಮೋಬೈಲನ್ನು ಆನಿಸಿ ಇಟ್ಟಿದ್ದ. ಅಂಗೈಯಗಲದ ಆ ಪರದೆಯ ಸುತ್ತ ಇಪ್ಪತ್ತು ಜನ. ಹಿಂದೆ ನಿಂತವರಿಗೆ ಏನೂ ಕಾಣುತ್ತಿರಲಿಲ್ಲ. ಅವರು ಮುಂದೆ ನಿಂತವರ ಬೆನ್ನುಗಳಿಂದಲೇ ಚಂದ್ರಯಾನದ ಗತಿಯನ್ನು ಊಹಿಸುತ್ತಿದ್ದರು. ನಾನು ತಲೆಯೆತ್ತಿ ನೋಡಿದೆ. ಹೊತ್ತು ಇನ್ನೂ ಮುಳುಗಿರಲಿಲ್ಲ. ದಕ್ಷಿಣದ ಬಾನಿನಲ್ಲಿ ಸಪ್ತಮಿಯ ಅರ್ಧ ಚಂದ್ರ ತೊಳೆದ ಚಿಪ್ಪಿನಂತೆ ಮಾಸಲಾಗಿ ನಿಂತಿದ್ದ. ನಾವು ಪರದೆಯಲ್ಲಿ ನೋಡುತ್ತಿದ್ದ ಸಂಗತಿ ಅದೋ, ಆ ಚಿಪ್ಪಿನ ಕೆಳಗಣ ಭಾಗದಲ್ಲಿ, ಬೆಳಕು-ಕತ್ತಲೆಗಳ ಗಡಿಯ ಹತ್ತಿರ ಅದೇ ಗಳಿಗೆಯಲ್ಲಿ ನಡೆಯುತ್ತಿತ್ತು. ಅಂದೇ ಅಲ್ಲಿ ಸೂರ್ಯೋದಯ. ಆ ಬಿಸಿಲನ್ನುಂಡು ಬದುಕಬೇಕಾದ ಯಂತ್ರವಾದುದರಿಂದಲೇ ಆ ದಿನವನ್ನು ಗೊತ್ತುಮಾಡಿದ್ದರು. ಪಂಚಾಂಗ ನೋಡಿ ಮುಹೂರ್ತ ಇಡುವ ನಮಗೆ ಇದೇನೂ ವಿಚಿತ್ರವೆನಿಸಲಿಲ್ಲ.

ಐದೂ ಮುಕ್ಕಾಲಕ್ಕೆ ಇಳಿತ ಆರಂಭವಾಯಿತು. ಮೂವತ್ತು ಕಿಲೋಮೀಟರು ಎತ್ತರ. ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚಿನ ವೇಗ. ಚಂದ್ರನ ಮೇಲೆ ಗಾಳಿಯಿಲ್ಲವಾದುದರಿಂದ ಕೊಡೆ ಬಿಚ್ಚಿಕೊಂಡು ತೇಲುವಂತಿಲ್ಲ. ಹೋಗುವ ದಿಕ್ಕಿಗೇ ಬೆಂಕಿ ಉಗುಳಿ ವೇಗವನ್ನು ಕೊಲ್ಲಬೇಕು. ಹನ್ನೊಂದೂವರೆ ನಿಮಿಷ ಹೀಗೆ ತಡೆಯುತ್ತ ತಡೆಯುತ್ತ ಏಳೂವರೆ ಕಿಲೋಮೀಟರಿಗೆ ಬರಬೇಕು. ಮಲಗಿದ್ದ ಬಂಡಿ ಮೆಲ್ಲನೆ ಎದ್ದು ನಿಲ್ಲಬೇಕು. ನೆಲದಿಂದ ನೂರೈವತ್ತು ಮೀಟರು ಮೇಲೆ ಕ್ಷಣಕಾಲ ನಿಂತು, ಕೆಳಗೆ ಬಂಡೆಯಿದೆಯೇ ಕುಳಿಯಿದೆಯೇ ಎಂದು ತಾನೇ ನೋಡಿ, ತಾನೇ ನಿರ್ಧರಿಸಿ, ತಾನೇ ಕಾಲೂರಬೇಕು. ಒಟ್ಟು ಹತ್ತೊಂಬತ್ತು ನಿಮಿಷ. ಬೆಂಗಳೂರಿನಲ್ಲಿ ಕುಳಿತವರು ಕೈಕಟ್ಟಿ ನೋಡುವುದಷ್ಟೇ.

ಅಂಗಡಿಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಕುಳಿತಿದ್ದಳು. ಅವಳು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ಕೇಳಿದಳು: "ಅದರೊಳಗ ಯಾರ ಅದಾರೋ ತಮ್ಮಾ?"

"ಯಾರೂ ಇಲ್ಲಬೇ ಯವ್ವಾ, ಬರೇ ಯಂತ್ರ."

"ಯಾರೂ ಇಲ್ಲಂದಮ್ಯಾಲೆ ಯಾಕ ಇಷ್ಟ ಜೀವಾ ಕೈಯಾಗ ಹಿಡಕೊಂಡ ನಿಂತೀರಿ?"

ಯಾರೂ ಉತ್ತರಿಸಲಿಲ್ಲ. ಉತ್ತರಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಬಂಡಿ ಕೊನೆಯ ನೂರೈವತ್ತು ಮೀಟರಿಗೆ ಬಂದು ನಿಂತಿತ್ತು. ಅದೇ ಸಮಯಕ್ಕೆ ನಮ್ಮ ಮೋಬೈಲಿನ ಚಿತ್ರವೂ ನಿಂತಿತು. ಪರದೆಯ ನಡುವೆ ಒಂದು ಚಕ್ರ ಗಿರಗಿರನೆ ತಿರುಗತೊಡಗಿತು. ಅಂಗಡಿಯವನು ಮೋಬೈಲನ್ನು ಎತ್ತಿ ಆಕಾಶಕ್ಕೆ ಹಿಡಿದ. ಒಬ್ಬ ಹುಡುಗ ಅದನ್ನು ಇಸಿದುಕೊಂಡು ರಸ್ತೆಯ ನಡುವಿಗೆ ಓಡಿದ. ಉಳಿದವರೆಲ್ಲ ಅವನ ಹಿಂದೆ ಓಡಿದೆವು. ಅಷ್ಟರಲ್ಲಿ ಆಚೆಯ ಓಣಿಯಲ್ಲಿ ಢಂ ಎಂದು ಪಟಾಕಿ ಹಾರಿತು. ಅದರ ಹಿಂದೆ ಇನ್ನೊಂದು. ಚಕ್ರ ತಿರುಗುವುದನ್ನು ನಿಲ್ಲಿಸಿ ಚಿತ್ರ ಮೂಡಿದಾಗ ವಿಜ್ಞಾನಿಗಳು ಆಗಲೇ ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದರು. ಗಂಟೆ ಆರು ದಾಟಿ ನಾಲ್ಕು ನಿಮಿಷ. ಚಂದ್ರನಿಂದ ಬೆಂಗಳೂರಿಗೆ ಒಂದೂಕಾಲು ಸೆಕೆಂಡಿನಲ್ಲಿ ಬಂದ ಸುದ್ದಿ ಬೆಂಗಳೂರಿನಿಂದ ಸಿಂದಗಿಗೆ ಬರಲು ಅರ್ಧ ನಿಮಿಷ ತೆಗೆದುಕೊಂಡಿತ್ತು. ಇರಲಿ, ಅಂಗಡಿಯವನು ಮಕ್ಕಳಿಗೆಲ್ಲ ಒಂದೊಂದು ಪೆಪ್ಪರಮಿಂಟು ಹಂಚಿದ.

ಮುದುಕಿಯ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳಿಯಿತು. ಒಳಗೆ ಯಾರೂ ಇಲ್ಲದ ಪೆಟ್ಟಿಗೆಗಾಗಿ ಇಷ್ಟು ಜನ ಯಾಕೆ ಅಂಜಬೇಕು? ಒಡೆದರೆ ಒಡೆಯಿತು; ಮತ್ತೊಂದು ಕಟ್ಟಿದರಾಯಿತು. ಅದಕ್ಕೆ ನೋವಿಲ್ಲ, ಅದರ ಮನೆಯಲ್ಲಿ ಅಳುವವರಿಲ್ಲ.

ನನಗೆ ತೋರುವುದಿಷ್ಟು. ನಮ್ಮ ಭಾಗದ ಒಕ್ಕಲಿಗರು ಹಿಂದೆ ಇಂಡಿಯ ಸಂತೆ ಮುಗಿಸಿಕೊಂಡು ರಾತ್ರಿ ಬಂಡಿ ಹೂಡಿದರೆ ಊರು ದಾಟಿದೊಡನೆ ಬಂಡಿಯಲ್ಲಿಯೇ ಮಲಗಿಬಿಡುತ್ತಿದ್ದರು. ಎತ್ತುಗಳು ತಾವೇ ದಾರಿ ಹಿಡಿದು, ತಿರುವುಗಳಲ್ಲಿ ತಿರುಗಿ, ಬೆಳಗಿನ ಜಾವ ಮನೆಯ ಮುಂದೆ ಬಂದು ನಿಲ್ಲುತ್ತಿದ್ದವು. ಮಲಗಿದವನ ನೆಮ್ಮದಿ ಪವಾಡವಲ್ಲ. ವರುಷಗಟ್ಟಲೆ ಎತ್ತುಗಳಿಗೆ ದಾರಿ ಕಲಿಸಿದ ಶ್ರಮದ ಫಲ. ಆದರೂ ಮನೆಯಲ್ಲಿ ಕಾಯುವ ಹೆಂಗಸಿಗೆ ನಿದ್ದೆಯಿಲ್ಲ. ಗಂಟೆಯ ಸಪ್ಪಳ ಕಿವಿಗೆ ಬೀಳುವ ತನಕ ಅವಳು ಹೊರಳಾಡುತ್ತಲೇ ಇರಬೇಕು. ನಾವು ಕಲಿಸಿದ್ದೇವೆ, ಕೈಬಿಟ್ಟಿದ್ದೇವೆ, ಇನ್ನು ಕೂಗಿದರೂ ಕೇಳಿಸದು - ಅಂಜಿಕೆ ಹುಟ್ಟುವುದು ಇಲ್ಲಿ. ಒಳಗೆ ಯಾರಿದ್ದಾರೆ ಎಂಬುದರಿಂದಲ್ಲ, ಕಳಿಸಿದವರು ಯಾರು ಎಂಬುದರಿಂದ.

ಮಂಗಳನ ವಿಷಯದಲ್ಲಿ ಈ ಕಾಯುವಿಕೆ ಇನ್ನೂ ಕಠೋರ. 2021ರ ಫೆಬ್ರವರಿ 18ರಂದು, ನಮ್ಮ ಲೆಕ್ಕದಲ್ಲಿ 19ರ ನಡುರಾತ್ರಿ ಕಳೆದು ಎರಡೂವರೆಯ ಸುಮಾರಿಗೆ, ಅಮೆರಿಕದವರ 'ಪರ್ಸಿವಿಯರೆನ್ಸ್' ಎಂಬ ರೋವರ್ ಅಲ್ಲಿನ ಜೆಜೆರೊ ಕುಳಿಯಲ್ಲಿ ಇಳಿಯಿತು. ಒಂದು ಟನ್ನಿಗೂ ತುಸು ಮಿಗಿಲಾದ ಆರು ಗಾಲಿಯ ಗಾಡಿ. ಮೊದಲು ತೆಳುಗಾಳಿಯಲ್ಲಿ ಉರಿಯುತ್ತ ಇಳಿದು, ಆಮೇಲೆ ಕೊಡೆ ಬಿಚ್ಚಿ, ಕೊನೆಗೆ ಮೇಲೆ ಬೆಂಕಿ ಉಗುಳುತ್ತ ನಿಂತ ಯಂತ್ರವೊಂದು ಸುಮಾರು ಇಪ್ಪತ್ತು ಅಡಿ ಹಗ್ಗ ಬಿಟ್ಟು, ಬಾವಿಗೆ ಕೊಡ ಇಳಿಬಿಟ್ಟಂತೆ, ಅದನ್ನು ನೆಲಕ್ಕಿಟ್ಟಿತು. ಇದೆಲ್ಲ ಏಳೇ ನಿಮಿಷದ ಆಟ. ಅಂದು ಅಲ್ಲಿಂದ ಸುದ್ದಿ ಭೂಮಿಗೆ ಬರಲು ಹನ್ನೊಂದು ನಿಮಿಷ ಬೇಕಾಗಿತ್ತು. ಎಂದರೆ, 'ಗಾಳಿಯನ್ನು ಹೊಕ್ಕಿತು' ಎಂಬ ಮಾತು ಇಲ್ಲಿ ಕೇಳುವಷ್ಟರಲ್ಲಿ ಅದು ಅಲ್ಲಿ ಇಳಿದಿರಬೇಕು, ಇಲ್ಲವೆ ಅಳಿದಿರಬೇಕು. ಕಾಲೂರಿದ್ದು ಖಚಿತವೆಂದು ಆ ದಿನ ಲೋಕಕ್ಕೆ ಸಾರಿದವರು ಸ್ವಾತಿ ಮೋಹನ್. ಬೆಂಗಳೂರಿನಲ್ಲಿ ಹುಟ್ಟಿ ಒಂದು ವರುಷದ ಕೂಸಾಗಿದ್ದಾಗ ಅಮೆರಿಕಕ್ಕೆ ಹೋದವರು. ಹಣೆಯ ಮೇಲೆ ಬಿಂದಿಯಿಟ್ಟುಕೊಂಡು ಕುಳಿತ ಆ ಹೆಣ್ಣುಮಗಳ ಧ್ವನಿಯಲ್ಲಿ ನಡುಕವಿರಲಿಲ್ಲ. ಆದರೆ ಆ ಮಾತು ಮುಗಿದೊಡನೆ ಕೋಣೆಯಲ್ಲಿ ಎದ್ದ ಕೂಗನ್ನು ಕೇಳಿದರೆ, ಅಷ್ಟು ಹೊತ್ತು ಎಷ್ಟು ಜನ ಉಸಿರು ಹಿಡಿದಿದ್ದರೆಂಬುದು ತಿಳಿಯುತ್ತದೆ.

ನಮ್ಮ ವಿಕ್ರಮನ ಹೊಟ್ಟೆಯಲ್ಲಿದ್ದ ಪ್ರಜ್ಞಾನ ಎಂಬ ರೋವರ್ ಅದರ ಮುಂದೆ ಮೊಲದ ಮರಿ: ಇಪ್ಪತ್ತಾರು ಕಿಲೋ ತೂಕ. ದೂಳು ಅಡಗಲೆಂದು ಕೆಲವು ತಾಸು ಕಾದು, ಇಳಿಜಾರು ಹಲಗೆಯ ಮೇಲಿಂದ ಅದು ಹೊರಗೆ ಬಂದಿತು. ನಡಿಗೆ ಸೆಕೆಂಡಿಗೆ ಒಂದು ಸೆಂಟಿಮೀಟರು. ನಿಮಿಷಕ್ಕೆ ಒಂದು ಗಜವೂ ಇಲ್ಲ. ಹತ್ತು ದಿನಗಳಲ್ಲಿ ಅದು ನಡೆದದ್ದು ನೂರು ಮೀಟರಿಗೆ ಒಂದು ಮೀಟರು ಹೆಚ್ಚು. ಬಾಗೇವಾಡಿಯ ಬಸವಣ್ಣನ ಗುಡಿಗೆ ಹೋಗುವ ಮುದುಕರೂ ಅದಕ್ಕಿಂತ ಬೇಗ ನಡೆಯುತ್ತಾರೆ. ಆದರೆ ಒಂದೊಂದು ಹೆಜ್ಜೆಗೂ ಅದು ಒಂದೊಂದು ಕೆಲಸ ಮಾಡಿತು. ಆ ಗುಡಿಯ ಊರು ಲೋಕಕ್ಕೆ ಕೊಟ್ಟ ಕಾಯಕ ಎಂಬ ಶಬ್ದ ಅದಕ್ಕೆ ಸಲ್ಲುತ್ತದೆ ಎನ್ನಲು ನನಗೆ ಸಂಕೋಚವಿಲ್ಲ.

ಆಗಸ್ಟ್ 27ರಂದು ಅದರ ದಾರಿಗೆ ನಾಲ್ಕು ಮೀಟರು ಅಗಲದ ಕುಳಿಯೊಂದು ಅಡ್ಡ ಬಂದಿತು. ಮೂರು ಮೀಟರು ಈಚೆಗೇ ಅದನ್ನು ಕಂಡು, ಹೊರಳಿ ಬೇರೆ ದಾರಿ ಹಿಡಿಯುವಂತೆ ಇಲ್ಲಿಂದ ಆಜ್ಞೆ ಹೋಯಿತು. ಅದು ತನ್ನ ಗಾಲಿಯ ಗುರುತಿನ ಮೇಲೆಯೇ ತಿರುಗಿ ಬಂದ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದಾಗ ನನಗೆ ಅದರ ಇಳಿತಕ್ಕಿಂತಲೂ ಹೆಚ್ಚು ಸಂತೋಷವಾಯಿತು. ಅದು ನೆಲದ ಮೂಲವಸ್ತುಗಳನ್ನು ಪರೀಕ್ಷಿಸಿ ಗಂಧಕವಿದೆಯೆಂದು ಸಾರಿತು. ವಿಕ್ರಮನಲ್ಲಿದ್ದ ಇನ್ನೊಂದು ಉಪಕರಣ ನೆಲಕ್ಕೆ ಮೊಳೆಯೊಂದನ್ನು ಊರಿ ಶಾಖ ಅಳೆಯಿತು: ಮೇಲೆ ಐವತ್ತು ಡಿಗ್ರಿಯ ಸುಡುವ ಬಿಸಿ, ಎಂಟೇ ಸೆಂಟಿಮೀಟರು ಕೆಳಗೆ ಸೊನ್ನೆಗಿಂತ ಹತ್ತು ಡಿಗ್ರಿ ಕಡಿಮೆಯ ತಂಪು. ಮಣ್ಣು ಎಂಥ ಹೊದಿಕೆಯೆಂಬುದು ನಮ್ಮವರಿಗೆ ಗೊತ್ತಿಲ್ಲದ್ದಲ್ಲ. ಹಗೇವು ತೋಡಿ ನೆಲದೊಳಗೆ ಜೋಳವನ್ನು ಬಚ್ಚಿಟ್ಟ ಜನ ನಾವು. ಆದರೆ ಚಂದ್ರನ ಹಗೇವು ನಮ್ಮದಕ್ಕಿಂತ ಜೋರು.

ಇನ್ನೊಂದು ನಂಟೂ ಇದೆ. ಇಂಡಿ, ಸಿಂದಗಿಗಳ ಕರಿಯ ಎರೆ ಹುಟ್ಟಿದ್ದು ಸುಮಾರು ಆರೂವರೆ ಕೋಟಿ ವರುಷದ ಹಿಂದೆ ದಖ್ಖನಿನ ಮೇಲೆ ಹರಿದ ಬೆಂಕಿಹೊಳೆ ಆರಿ ಆದ ಕರಿಗಲ್ಲಿನಿಂದ. ಚಂದ್ರನಲ್ಲಿ ನಾವು ಮೊಲವೆಂದು ಮಕ್ಕಳಿಗೆ ತೋರಿಸುವ ಕಪ್ಪು ಕಲೆಯೂ ಅದೇ ಜಾತಿಯ ಕಲ್ಲು. ಮುನ್ನೂರು ಕೋಟಿ ವರುಷಕ್ಕೂ ಹಳೆಯದು. ನಮ್ಮ ಹೊಲಕ್ಕೂ ಚಂದ್ರನ ಮೊಲಕ್ಕೂ ಕುಲ ಒಂದೇ. ಪ್ರಜ್ಞಾನ ನಡೆದದ್ದು ಆ ಕಪ್ಪಿನ ಮೇಲಲ್ಲ, ದಕ್ಷಿಣ ಧ್ರುವದ ಕಡೆಯ, ಅದಕ್ಕೂ ಹಿರಿಯದಾದ ಬಿಳಿಗಲ್ಲಿನ ನೆಲದ ಮೇಲೆ. ಚಂದ್ರ ಒಂದು ಕಾಲಕ್ಕೆ ಕರಗಿದ ಕಲ್ಲಿನ ಕಡಲಾಗಿತ್ತೆಂಬ ಮಾತಿಗೆ ಅದರ ಅಳತೆಗಳು ಬೆಂಬಲವಾದುವೆಂದು 2024ರಲ್ಲಿ ಪ್ರಕಟವಾಯಿತು. ಇಷ್ಟು ನಡೆದು, ಸೆಪ್ಟೆಂಬರ್ 2ರಂದು ಅದು ಮಲಗಿತು. ಅಲ್ಲಿಯ ರಾತ್ರಿ ನಮ್ಮ ಹದಿನಾಲ್ಕು ದಿನದಷ್ಟು. ಚಳಿ ಸೊನ್ನೆಗಿಂತ ನೂರು ಡಿಗ್ರಿಗೂ ಕೆಳಗೆ. 22ರಂದು ಮತ್ತೆ ಬೆಳಗಾದಾಗ ಕರೆದು ನೋಡಿದರು. ಓಗೊಡಲಿಲ್ಲ.

ಅಂದು ರಾತ್ರಿ ಊಟಕ್ಕೆ ಕುಳಿತಾಗ ನನ್ನ ಭಾವಂದಿರು ಒಂದು ಮಾತು ಹೇಳಿದರು. ಪಟಾಕಿಯ ಸಪ್ಪಳ ಆಗ ಇನ್ನೂ ನಿಂತಿರಲಿಲ್ಲ. "ನಮ್ಮ ಬೋರಿನಾಗ ನೀರಿಲ್ಲ. ಇವರು ಚಂದ್ರಾಮನ ಮ್ಯಾಲೆ ನೀರ ಹುಡಕ್ತಾರ." ಅವರು ಸಿಟ್ಟಿನಿಂದ ಹೇಳಲಿಲ್ಲ, ರೊಟ್ಟಿ ಮುರಿಯುತ್ತ ಹೇಳಿದರು. ಅವರ ತೊಗರಿ ಆ ವರುಷ ಕೈಗೆ ಬರುವಂತಿರಲಿಲ್ಲ. ಮುಂದಿನ ತಿಂಗಳು ಸರಕಾರ 195 ತಾಲೂಕುಗಳಲ್ಲಿ ಬರ ಬಿದ್ದಿದೆಯೆಂದು ಸಾರಿತು.

ಈ ಮಾತಿಗೆ ಸಿದ್ಧವಾದ ಉತ್ತರಗಳಿವೆ. ಚಂದ್ರಯಾನ-3ಕ್ಕೆ ತಗುಲಿದ್ದು 615 ಕೋಟಿ. ದೇಶದ ತಲೆಗೆ ಹಂಚಿದರೆ ಐದು ರೂಪಾಯಿಯೂ ಆಗದು. ಮೋಡದ ಚಿತ್ರವನ್ನು ತೆಗೆಯುವ, ಅಂತರ್ಜಲದ ನಕಾಶೆಗೆ ನೆರವಾಗುವ ಉಪಗ್ರಹಗಳನ್ನು ಕಟ್ಟಿದವರೂ ಇದೇ ಜನ. ಚಂದ್ರನಲ್ಲಿ ನೀರಿನ ಕುರುಹಿದೆಯೆಂದು 2009ರಲ್ಲಿ ಲೋಕಕ್ಕೆ ತಿಳಿದದ್ದು ನಮ್ಮ ಚಂದ್ರಯಾನ-1ರಿಂದ. ಇವೆಲ್ಲ ನಿಜ. ಆದರೆ ಬಾಡಿದ ಹೊಲದ ಒಡೆಯನಿಗೆ ಊಟದ ಹೊತ್ತಿನಲ್ಲಿ ಈ ಲೆಕ್ಕ ಒಪ್ಪಿಸುವುದು ಸಭ್ಯತೆಯಲ್ಲ. ನಾನು ಸುಮ್ಮನಿದ್ದೆ, ಆಮೇಲೆ ಬೇರೊಂದು ಲೆಕ್ಕ ಹಾಕಿದೆ. ಹಿಂದೆ ಬಾಗೇವಾಡಿ ತಾಲೂಕಿಗೆ ಸೇರಿದ್ದ ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಲು ಲಾಲ ಬಹಾದೂರ ಶಾಸ್ತ್ರಿಗಳು ಅಡಿಗಲ್ಲು ಇಟ್ಟದ್ದು 1964ರಲ್ಲಿ. ಅದಾದ ಐದು ವರುಷಕ್ಕೆ ಮನುಷ್ಯ ಚಂದ್ರನ ಮೇಲೆ ನಡೆದು ತಿರುಗಿ ಬಂದ. ಅಣೆಕಟ್ಟು ಮುಗಿದದ್ದು ಈ ಶತಮಾನದಲ್ಲಿ. ಹಳ್ಳಿಗೆ ಹಳ್ಳಿಯೇ ನೀರಿನಲ್ಲಿ ಮುಳುಗಿ ಜನ ಬೇರೆಡೆಗೆ ಹೋದರು. ಆ ನೀರು ಮುಳವಾಡ, ಚಿಮ್ಮಲಗಿ ಏತ ನೀರಾವರಿಗಳ ಕಾಲುವೆ ಹತ್ತಿ ಹೊಲಗಳ ಕಡೆಗೆ ಏರತೊಡಗಿದ್ದು ಬಹಳ ತಡವಾಗಿ. ಶ್ರೀಹರಿಕೋಟೆಯಿಂದ ಚಂದ್ರನಿಗೆ ನಲವತ್ತು ದಿನ. ಹೊಳೆಯಿಂದ ಹೊಲಕ್ಕೆ ಎರಡು ತಲೆಮಾರು. ಇದು ಚಂದ್ರಯಾನದ ದೋಷವಲ್ಲ. ಭಾವಂದಿರ ಮಾತಿನ ಒಳಗಿನ ಅರ್ಥವೂ ಅದಾಗಿರಲಿಲ್ಲ. ಅಷ್ಟು ದೂರಕ್ಕೆ ಕಣ್ಣಿಟ್ಟು ಕಾಯಬಲ್ಲವರು ಇಷ್ಟು ಹತ್ತಿರಕ್ಕೂ ಕಣ್ಣಿಡಬಾರದೇ ಎಂಬುದು ಅವರ ಅಳಲು.

ಇದಕ್ಕೆ ನಾನು ಉತ್ತರ ಹುಡುಕಲಿಲ್ಲ. ಆದರೆ ಮರು ವರುಷ, 2024ರ ಏಪ್ರಿಲ್ ಮೊದಲ ವಾರದಲ್ಲಿ, ಇಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ ನಡೆದ ಸಂಗತಿಯನ್ನು ಕನ್ನಡ ನಾಡೆಲ್ಲ ನೋಡಿತು. ನೀರಿಗಾಗಿ ಕೊರೆದು ಬಾಯಿ ಮುಚ್ಚದೆ ಬಿಟ್ಟಿದ್ದ ಕೊಳವೆ ಬಾವಿಯೊಳಕ್ಕೆ ಎರಡು ವರುಷದ ಕೂಸು ತಲೆಕೆಳಗಾಗಿ ಜಾರಿಬಿದ್ದಿತು. ಮಗ್ಗುಲಿಗೆ ಯಂತ್ರಗಳಿಂದ ತೋಡಿದರು. ಉಸಿರಾಟಕ್ಕೆ ಕೊಳವೆ ಇಳಿಬಿಟ್ಟರು. ಒಂದು ಪುಟ್ಟ ಕ್ಯಾಮರಾವನ್ನೂ ಕತ್ತಲೆಗೆ ಇಳಿಸಿದರು. ಆ ರಾತ್ರಿ ನಾನಿರುವ ಹುಬ್ಬಳ್ಳಿಯಲ್ಲಿಯೂ ಯಾರೂ ಸರಿಯಾಗಿ ಮಲಗಲಿಲ್ಲ. ಟೀವಿಯಲ್ಲಿ ಆ ಕ್ಯಾಮರಾದ ಚಿತ್ರ ಬಂದಿತು: ಮಸುಕು, ಮಣ್ಣು, ಕತ್ತಲೆ, ಅದರ ನಡುವೆ ಅಲುಗಾಡಿದ ಎರಡು ಪುಟ್ಟ ಪಾದಗಳು. ನಮ್ಮ ಮನೆಯಲ್ಲಿ ಯಾರೋ ಚೀರಿದರು. ಚಂದ್ರನಿಂದ ಬಂದ ಯಾವ ಚಿತ್ರಕ್ಕೂ ಆ ಚಿತ್ರದ ಬೆಲೆ ಇಲ್ಲ. ಸುಮಾರು ಇಪ್ಪತ್ತು ಗಂಟೆಯ ದುಡಿಮೆಯ ಮೇಲೆ ಕೂಸನ್ನು ಜೀವಂತವಾಗಿ ಹೊರಗೆ ತೆಗೆದರು. ತೋಡಿದವರ ಮೈಯೆಲ್ಲ ಎರೆಮಣ್ಣು. ಜನ ಸಿಳ್ಳು ಹಾಕಿದರು, ಅತ್ತರು, ಕಂಡಕಂಡವರ ಕೈಹಿಡಿದರು.

ಆ ಚಪ್ಪಾಳೆಯನ್ನು ಕೇಳಿದಾಗ ನನಗೆ ಅದು ಪರಿಚಿತವೆನಿಸಿತು. ಕತ್ತಲೆಗೆ ಒಂದು ಕಣ್ಣನ್ನು ಇಳಿಬಿಟ್ಟು, ಅದು ತರುವ ಚಿತ್ರಕ್ಕಾಗಿ ಉಸಿರು ಹಿಡಿದು ಕಾಯುವುದು, ಅಲುಗಾಟ ಕಂಡೊಡನೆ ಕುಣಿಯುವುದು - ಮನುಷ್ಯ ಎರಡೂ ಕಡೆಯಲ್ಲಿ ಮಾಡಿದ್ದು ಒಂದನ್ನೇ. ಒಂದರಲ್ಲಿ ಜೀವವಿತ್ತು, ಇನ್ನೊಂದರಲ್ಲಿ ಇರಲಿಲ್ಲ. ಆ ಭೇದ ದೊಡ್ಡದು, ಅದನ್ನು ನಾನು ಅಳಿಸಲಾರೆ. ಆದರೆ ಒಳಗೆ ಯಾರೂ ಇಲ್ಲದ ಬಂಡಿಗಾಗಿ ಅಂಜುವುದನ್ನು ಬಲ್ಲ ಜನ, ಒಳಗೆ ಕೂಸಿದ್ದಾಗ ಮಣ್ಣು ತೋಡದೆ ಇರಲಾರರು. ಹಾಗೆಯೇ ಅಷ್ಟು ದೂರದ ಕುಳಿಯನ್ನು ಮೂರು ಮೀಟರು ಮೊದಲೇ ಕಂಡು ಗಾಡಿಯನ್ನು ತಿರುಗಿಸಬಲ್ಲ ಜನ, ಊರ ಮಗ್ಗುಲಿನ ಕೊಳವೆ ಬಾವಿಗೆ ಒಂದು ಮುಚ್ಚಳ ಹಾಕಲಾರದವರೂ ಅಲ್ಲ. ಅದಕ್ಕೆ 615 ಕೋಟಿ ಬೇಡ. ಒಂದು ಹಾಸುಗಲ್ಲು ಸಾಕು. ಏರುವ ವಿದ್ಯೆಗೆ ಬೇಕಾದದ್ದು ಬಲ. ಇಳಿಯುವ ವಿದ್ಯೆಗೆ ಬೇಕಾದದ್ದು, ಕೆಳಗೆ ಏನಿದೆ ಎಂದು ಮುಂಚಿತವಾಗಿ ಯೋಚಿಸುವ ಮನಸ್ಸು. ನೆಲದ ಮೇಲಿರುವವರಿಗೂ ಅದು ಬೇಕು.

ಪ್ರಜ್ಞಾನ ಈಗಲೂ ಅಲ್ಲಿಯೇ ನಿಂತಿದೆ. ಗಾಳಿಯಿಲ್ಲ, ಮಳೆಯಿಲ್ಲ, ಅದರ ಗಾಲಿಯ ನೂರು ಮೀಟರಿನ ಗುರುತು ಲಕ್ಷಾಂತರ ವರುಷ ಹಾಗೆಯೇ ಉಳಿಯುತ್ತದೆಯಂತೆ. ಇಂಡಿಯ ಆ ಕೂಸಿಗೆ ಈಗ ಓಡಾಡುವ ವಯಸ್ಸು. ಅದರ ಹೆಜ್ಜೆಯ ಗುರುತು ಎರೆಹೊಲದಲ್ಲಿ ಬಹಳ ದಿನ ಉಳಿಯುವುದಿಲ್ಲ. ಒಂದು ಹದ ಮಳೆ ಬಂದರೆ ಅಳಿಸಿಹೋಗುತ್ತದೆ. ಆ ಮಳೆ ವರುಷ ವರುಷವೂ ಹೊತ್ತಿಗೆ ಸರಿಯಾಗಿ ಬರಲಿ.